ಮಗ್ಗ ನಿಲ್ಲಿಸಿದ ತಿಂಗಳು

ನಾನು ಬೆಳೆದದ್ದು ಹುಡುಗಿಯರ ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೆ ಒಂದು ಗಂಟೆ ಬಾರಿಸುತ್ತಿದ್ದರು, ಸ್ನಾನಕ್ಕೆ ಒಂದು, ಓದಿಗೆ ಒಂದು, ಊಟಕ್ಕೆ ಒಂದು. ಗಂಟೆ ಹೊಡೆದ ಮೇಲೆ ಬಂದವರಿಗೆ ರೊಟ್ಟಿ ಇರುತ್ತಿತ್ತು, ಪಲ್ಯ ಇರುತ್ತಿರಲಿಲ್ಲ. ಅದು ನನಗೆ ಎಂದೂ ಕ್ರೂರವಾಗಿ ಕಾಣಲಿಲ್ಲ. ಕೆಲಸಕ್ಕೆ ಸೇರಿದಾಗ ಮೊದಲ ಪಗಾರದಲ್ಲಿ ಒಂದು ಸಣ್ಣ ಹಿತ್ತಾಳೆ ಗಂಟೆ ಕೊಂಡು ಕೈಚೀಲದಲ್ಲಿ ಇಟ್ಟುಕೊಂಡೆ. ಕಾಲೇಜಿನ ಗಂಟೆ ಇದ್ದೇ ಇತ್ತು. ನನ್ನದು ತರಗತಿಯ ಒಳಗಿನದು: ಹಾಜರಿ ಮುಗಿಯಿತು, ಪಾಠ ಶುರುವಾಯಿತು, ಇನ್ನು ಪ್ರಶ್ನೆ ಕೇಳಬಹುದು. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಗಂಟಿ ಮೇಡಂ’ ಅನ್ನುತ್ತಿದ್ದರು. ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಮನೆ ಜಮಖಂಡಿಯಲ್ಲಿ, ಕೆಲಸ ಬನಹಟ್ಟಿಯಲ್ಲಿ. ವಾಣಿಜ್ಯ ವಿಭಾಗ. ದಿನವೂ ಬೆಳಿಗ್ಗೆ ಅದೇ ಬಸ್ಸು, ಸಂಜೆ ಅದೇ ಬಸ್ಸು. ಅಷ್ಟು ವರ್ಷ ಓಡಾಡಿದರೂ ನನಗೆ ಬನಹಟ್ಟಿಯೆಂದರೆ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗಿನ ರಸ್ತೆ ಮಾತ್ರ. ಕಾಲೇಜಿನ ಹಿಂದಿನ ಓಣಿಗಳಲ್ಲಿ ಮನೆಮನೆಗೂ ಪಾವರ್‌ಲೂಮು. ಬೆಳಗಿನಿಂದ ಸಂಜೆಯವರೆಗೆ ಖಟ್ ಖಟ್ ಖಟ್. ಪಾಠ ಕೇಳಿಸುವುದಿಲ್ಲವೆಂದು ನಾನು ಕಿಟಕಿ ಮುಚ್ಚಿಸುತ್ತಿದ್ದೆ. ಕೆಲವು ಮಧ್ಯಾಹ್ನ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು. ಕರೆಂಟು ಹೋಯಿತು ಅಂದುಕೊಂಡು ಕಿಟಕಿ ತೆರೆಸುತ್ತಿದ್ದೆ.

ನಮ್ಮದು ಹೊಸ ಜಿಲ್ಲೆಯಾಗಿ ಎಂಟೊಂಬತ್ತು ವರ್ಷವಾಗಿದ್ದಾಗ ಜಿಲ್ಲಾ ಕೇಂದ್ರದ ನವನಗರದಲ್ಲಿ ನಮಗೊಂದು ತರಬೇತಿ ಆಯಿತು. ವ್ಯವಹಾರವನ್ನು ಆಟದ ಮೂಲಕ ಕಲಿಸುವುದು ಅದರ ವಿಷಯ. ಮಕ್ಕಳೇ ಕಂಪನಿ ನಡೆಸಬೇಕು, ದರ ಕಟ್ಟಬೇಕು, ಗೆಲ್ಲಬೇಕು, ಇಲ್ಲವೇ ಮುಳುಗಬೇಕು. ಅಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಆಡಿಸಿದರು. ನಮ್ಮ ಕಾಲೇಜಿನಲ್ಲಿದ್ದ ಕಂಪ್ಯೂಟರು ಒಂದು, ಅದೂ ಪ್ರಿನ್ಸಿಪಾಲರ ಕೋಣೆಯಲ್ಲಿ, ಕಸೂತಿ ಬಟ್ಟೆಯ ಕೆಳಗೆ. ಹಾಗಾಗಿ ನಾನು ಬಸ್ಸಿನಲ್ಲಿ ಕುಳಿತೇ ಆಟವನ್ನು ಕಾಗದಕ್ಕೆ ಇಳಿಸಿದೆ.

ನಾಲ್ಕು ತಂಡ, ನಾಲ್ಕು ಸೀರೆ ಕಾರ್ಖಾನೆ. ಒಂದು ಪೀರಿಯಡ್ಡೆಂದರೆ ಒಂದು ತಿಂಗಳು. ಎಷ್ಟು ಸೀರೆ ನೇಯಬೇಕು, ಏನು ದರ ಇಡಬೇಕು ಎಂದು ಪ್ರತಿ ತಂಡವೂ ಚೀಟಿಯಲ್ಲಿ ಬರೆದು ಕೊಡಬೇಕು. ಗಂಟೆ ಹೊಡೆದ ಮೇಲೆ ಬಂದ ಚೀಟಿ ಲೆಕ್ಕಕ್ಕಿಲ್ಲ. ಬರೆಯುವ ಮೊದಲು ಒಂದು ಡಬ್ಬಿಯಿಂದ ಆ ತಿಂಗಳ ಸುದ್ದಿ ಎತ್ತಬೇಕು: ನೂಲಿನ ದರ ಏರಿತು, ಸೋಲಾಪುರದ ವ್ಯಾಪಾರಿ ಬಂದ, ಮಳೆಯಿಂದ ರಸ್ತೆ ಬಂದಾಯಿತು. ನಾನೇ ಪೇಟೆ. ಯಾರ ಸೀರೆ ಮಾರಿತು, ಯಾರದು ಉಳಿಯಿತು ಎಂದು ಹಲಗೆಯ ಮೇಲೆ ಬರೆಯುವವಳು ನಾನು.

ಎರಡನೇ ವಾರಕ್ಕೆ ಮಕ್ಕಳು ಹುಚ್ಚಾದರು. ತಂಡಗಳಿಗೆ ತಾವೇ ಹೆಸರಿಟ್ಟುಕೊಂಡರು. ನವಿಲು, ಬೆಲ್ಲ, ಕೃಷ್ಣಾ. ನಾಲ್ಕನೆಯ ತಂಡದವರು ತಾವು ಎಲ್ಲರಿಗಿಂತ ವೇಗ ಅಂತ ಮುಧೋಳ ನಾಯಿ ಎಂದು ಇಟ್ಟುಕೊಂಡರು. ನಾಯಿ ತಂಡ ಆಟದ ಎರಡು ತಿಂಗಳು ಸತತ ಸೋತಾಗ ಬೆಲ್ಲದವರು ಕೇಳಿದರು.

“ಯಾಕಲೇ, ನಿಮ್ಮ ನಾಯಿ ಮೊಲದ ಹಿಂದ ಓಡೂದ ಬಿಟ್ಟು ಹಾಸಿಗ್ಯಾಗ ಮಲಗೈತೇನು?”

“ಮಲಗಿಲ್ಲೋ, ನಿಮ್ಮ ಬೆಲ್ಲಕ್ಕ ಇರುವಿ ಮುತ್ತೂದನ್ನ ನೋಡಕೋತ ಕುಂತೈತಿ.”

ಹಾಜರಿ ಏರಿತು. ಬಿಲ್ಲು ಬರೆಯಲು ಬಾರದ ಹುಡುಗರು ದರ ಕಟ್ಟುವುದನ್ನು ಕಲಿತರು. ಪ್ರಿನ್ಸಿಪಾಲರು ಬೀಳಗಿ ಕಡೆಯವರು, ಹಿನ್ನೀರಿನಲ್ಲಿ ಊರು ಮುಳುಗಿದವರು. ಬಾಗಿಲಲ್ಲಿ ನಿಂತು ನೋಡಿ, “ಮೇಡಮ್ಮಾರ, ನಿಮ್ಮ ಕ್ಲಾಸಿನ್ಯಾಗ ನಮ್ಮ ಸಂತಿ ನೆನಪಾಕ್ಕೈತ್ರಿ” ಅಂದರು. ನಾನು ಉಬ್ಬಿದ್ದು ಖರೆ.

ನವಿಲು ತಂಡಕ್ಕೆ ಯಜಮಾನಿ ಒಬ್ಬ ಹುಡುಗಿ. ಬಿ.ಕಾಂ. ಎರಡನೇ ವರ್ಷ. ಕಾಲೇಜಿನ ಹಿಂದಿನ ಓಣಿಯವಳೇ. ಮನೆಯಲ್ಲಿ ಅಪ್ಪನದು ಆರೇಳು ಮಗ್ಗ. ಮಾತು ಕಡಿಮೆ, ಕೈ ಚುರುಕು. ನಾನು ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಗಂಟೆ ಹೊಡೆಯುವುದಕ್ಕೆ ಮೊದಲೇ ಅವಳ ಚೀಟಿ ಮೇಜಿನ ಮೇಲೆ ಇರುತ್ತಿತ್ತು. ನನಗೆ ಅವಳಲ್ಲಿ ಹಾಸ್ಟೆಲಿನ ನಾನೇ ಕಾಣುತ್ತಿದ್ದೆ.

ಒಂದು ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

“ಮೇಡಂ, ಈ ವರ್ಷ ಮುಗದ್ರ ಸಾಕು ಅನ್ನಾಕತ್ತಾರ್ರಿ ನಮ್ಮಪ್ಪ.”

“ಏನು ಸಾಕು?”

“ಸಾಲಿ, ರೀ. ಇಷ್ಟು ಕಲ್ತದ್ದ ಭಾಳ ಆತು, ಮುಂದ ಕಲ್ತು ಏನ್ ಮಾಡ್ತಿ ಅಂತಾರ.”

ಡಿಗ್ರಿ ಮುಗಿಸಿ ಧಾರವಾಡಕ್ಕೆ ಹೋಗಿ ಎಂ.ಕಾಂ. ಮಾಡಬೇಕು, ನನ್ನ ಹಾಗೆ ಪಾಠ ಹೇಳಬೇಕು ಎನ್ನುವುದು ಅವಳ ಆಸೆ. ಅವಳೇ ದಾರಿ ಹುಡುಕಿಕೊಂಡು ಬಂದಿದ್ದಳು. “ನಮ್ಮಪ್ಪನ್ನ ಒಂದ್ಸಲ ಆಟ ನೋಡಾಕ ಕರೀರಿ ಮೇಡಂ. ನೋಡಿದ್ರ ಒಪ್ತಾರ್ರಿ. ಅವರಿಗೆ ವ್ಯಾಪಾರ ತಿಳೀತೈತಿ.”

ನಾನು ಆ ದಿನವೇ ಪ್ರಿನ್ಸಿಪಾಲರಿಗೆ ಹೇಳಿದೆ. ಬರೀ ಒಬ್ಬರನ್ನು ಕರೆದರೆ ಚೆನ್ನಾಗಿರುವುದಿಲ್ಲವೆಂದು ಓಣಿಯ ಮತ್ತೆ ಕೆಲವು ಪಾಲಕರನ್ನೂ ಕರೆದೆವು.

ಶನಿವಾರ ಬಂದರು. ಹಿಂದಿನ ಬೆಂಚಿನಲ್ಲಿ ಬಿಳಿ ಟೊಪ್ಪಿಗೆಗಳ ಒಂದು ಸಾಲು. ಹುಡುಗಿಯ ಅಪ್ಪ ಸಣ್ಣ ಆಳು, ಒಗೆದ ಧೋತರ, ಕಿವಿಗೆ ಸಿಕ್ಕಿಸಿದ ಪೆನ್ನು. ಕುಳಿತವರೇ ನಗುತ್ತ ಕೇಳಿದರು.

“ಆಟ ಆಡಸಾಕ ಪಗಾರ ಕೊಡ್ತಾರೇನ್ರಿ ಮೇಡಂ? ನಮಗೂ ಒಂದ್ ನೌಕರಿ ನೋಡ್ರಿ ಹಂಗಿದ್ರ.”

ಎಲ್ಲರೂ ನಕ್ಕರು. ನಾನೂ ನಕ್ಕು ಗಂಟೆ ಹೊಡೆದೆ.

ಡಬ್ಬಿಯಲ್ಲಿ ಆ ವಾರ ನಾನು ಒಂದು ಹೊಸ ಸುದ್ದಿ ಹಾಕಿದ್ದೆ. ಯಜಮಾನ ಸತ್ತರೆ ವ್ಯವಹಾರ ಹೇಗೆ ಮುಂದುವರಿಯಬೇಕು, ಪಾಲುದಾರರ ಹಕ್ಕೇನು, ವಾರಸುದಾರರ ಹಕ್ಕೇನು ಎನ್ನುವ ಪಾಠ ಬಾಕಿ ಇತ್ತು. ಅದಕ್ಕೆ ಬರೆದದ್ದು: ‘ಬೆಲ್ಲ ಕಾರ್ಖಾನೆಯ ಯಜಮಾನರು ತೀರಿಕೊಂಡರು.’ ಡಬ್ಬಿಯಲ್ಲಿ ಅದನ್ನು ಮೇಲೆಯೇ ಇಟ್ಟಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪಾಲಕರ ಮುಂದೆ ಘನವಾದ ವಿಷಯವೇ ಬರಲಿ ಎಂದು.

ಸುದ್ದಿ ಓದಿದ ಕೂಡಲೇ ಬೆಲ್ಲದ ಯಜಮಾನನಾಗಿದ್ದ ಹುಡುಗ ಕಣ್ಣು ಮುಚ್ಚಿ ಬೆಂಚಿನ ಮೇಲೆ ಅಂಗಾತ ಬಿದ್ದ. ಗೆಳೆಯನೊಬ್ಬ ಕರ್ಚೀಫು ಮುಖಕ್ಕೆ ಹೊದಿಸಿದ.

“ಲೇ, ಕರ್ಚೀಪು ವಾಸನಿ ಹೊಡಿತೈತೋ.”

“ಸತ್ತಾಂವ ಮಾತಾಡಬಾರ್ದು. ಸುಮ್ಮ ಬೀಳು.”

ನಗು ಎದ್ದಿತು, ಆಮೇಲೆ ತಾನಾಗಿಯೇ ಇಳಿಯಿತು. ತಂಡಗಳು ತಲೆ ಸೇರಿಸಿದವು. ಆ ದಿನ ಯಾಕೋ ಬೇಗ ಮುಗಿಸಿದರು. ಯಾವಾಗಲೂ ಕೊನೆಗಳಿಗೆಯವರೆಗೆ ಕಚ್ಚಾಡುವ ನಾಯಿ ತಂಡದವರು ಮೊದಲೇ ಚೀಟಿ ತಂದಿಟ್ಟು ಕೈಕಟ್ಟಿ ಕುಳಿತರು. ನವಿಲಿನ ಚೀಟಿ ಮಾತ್ರ ಕೊನೆಗೆ ಬಂತು. ಅದನ್ನೂ ನಾನು ಗಮನಿಸಲಿಲ್ಲ.

ಚೀಟಿ ಬಿಚ್ಚಿದೆ. ನಾಯಿ: ಉತ್ಪಾದನೆ ಸೊನ್ನೆ. ಕೃಷ್ಣಾ: ಸೊನ್ನೆ. ಯಜಮಾನ ಇಲ್ಲದ ಬೆಲ್ಲದವರದೂ ಸೊನ್ನೆ. ಪಾಲಕರ ಮುಂದೆ ಎಲ್ಲರೂ ಸೇರಿ ನನ್ನನ್ನು ಚೇಷ್ಟೆ ಮಾಡುತ್ತಿದ್ದಾರೆ ಅನ್ನಿಸಿ ಬೈಯಲು ಬಾಯಿ ತೆರೆದೆ. ನಾಲ್ಕನೆಯದು ನವಿಲು. ಪೂರಾ ಉತ್ಪಾದನೆ, ದರವೂ ಏರಿಸಿದೆ. ಪೇಟೆಯಲ್ಲಿ ಬೇರೆ ಯಾರ ಸೀರೆಯೂ ಇಲ್ಲ. ಎಲ್ಲ ಗಿರಾಕಿಗಳೂ ಅವಳಿಗೇ.

ನನಗೆ ಹೋದ ಮಾನ ಬಂದ ಹಾಗಾಯಿತು. ಹಲಗೆಯ ಮೇಲೆ ನವಿಲಿನ ಹೆಸರನ್ನು ದೊಡ್ಡದಾಗಿ ಬರೆದು, ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿದೆ. “ನೋಡಿರಿ. ಮೂರು ಕಾರ್ಖಾನೆಯವರು ಕೈಕಟ್ಟಿಕೊಂಡು ಕುಳಿತರು. ಇವಳೊಬ್ಬಳೇ ಅವಕಾಶ ಗುರುತಿಸಿದಳು. ಒಬ್ಬರು ಸತ್ತರೆಂದು ಗಿರಾಕಿ ಸೀರೆ ಕೊಳ್ಳುವುದನ್ನು ಬಿಡುವುದಿಲ್ಲ. ವ್ಯವಹಾರ ಅಂದರೆ ಇದು. ಎಲ್ಲರೂ ಚಪ್ಪಾಳೆ ತಟ್ಟಿರಿ.”

ಯಾರೂ ತಟ್ಟಲಿಲ್ಲ. ಪ್ರಿನ್ಸಿಪಾಲರೊಬ್ಬರೇ ಮೂರ್ನಾಲ್ಕು ಸಲ ತಟ್ಟಿ, ಅತ್ತಿತ್ತ ನೋಡಿ, ಕೈ ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗಿ ಬೆಂಚಿನ ಮೇಲೆ ಹಣೆ ಊರಿದ್ದಳು. ಅವಳ ತಂಡದ ಮೂವರು ಅವಳಿಂದ ಒಂದು ಗೇಣು ಸರಿದು ಕುಳಿತಿದ್ದರು. ಹಿಂದಿನ ಸಾಲಿನ ಟೊಪ್ಪಿಗೆಗಳೆಲ್ಲ ಅವಳ ಅಪ್ಪನ ಕಡೆ ತಿರುಗಿದ್ದವು. ಆತ ನೆಲ ನೋಡುತ್ತಿದ್ದರು. ಎದ್ದು, “ಬರ್ತೀನ್ರಿ. ಮನ್ಯಾಗ ಕೆಲಸ ಐತಿ” ಎಂದು ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಎಡಬಲ ತಪ್ಪಿತು. ಸರಿಮಾಡಿಕೊಳ್ಳದೇ ಹಾಗೇ ಹೋದರು. ಉಳಿದವರೂ ಹಿಂದೆಯೇ ಎದ್ದರು.

ಸತ್ತ ಯಜಮಾನ ಕರ್ಚೀಫು ತೆಗೆದು ಎದ್ದು ಕುಳಿತ. ಅವನೇ ನನಗೆ ಹೇಳಿದವನು, ಬಹಳ ಮೆಲ್ಲಗೆ.

“ಮೇಡಂ, ಓಣ್ಯಾಗ ಯಾರರ ಸತ್ರ ಹೆಣ ಎತ್ತೂತನಕ ಯಾರೂ ಮಗ್ಗ ಹಾಕಂಗಿಲ್ರಿ. ಜಗಳ ಇದ್ದವರೂ ಹಾಕಂಗಿಲ್ಲ.”

“ಆದರೆ ಇದು ಒಂದು ತಿಂಗಳು...”

“ಆಟದಾಗ ತಿಂಗಳಕಿಂತ ಸಣ್ಣದ ಇಲ್ಲಲ್ರಿ. ಅದಕ್ಕ ತಿಂಗಳ ನಿಲ್ಲಿಸಿದ್ವಿ.”

ಹೊರಗೆ ಮಗ್ಗಗಳು ಬಡಿಯುತ್ತಿದ್ದವು. ಸದ್ದು ನಿಂತ ಆ ಹಳೆಯ ಮಧ್ಯಾಹ್ನಗಳು ಒಂದೊಂದಾಗಿ ನೆನಪಿಗೆ ಬಂದವು. ಕರೆಂಟು ಹೋಗಿದೆಯೆಂದು ನಾನು ಕಿಟಕಿ ತೆರೆಸಿದಾಗ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ಗಾಳಿ ಬರುತ್ತಿದೆ, ಸದ್ದು ಇಲ್ಲ, ಇವತ್ತು ಪಾಠ ಚೆನ್ನಾಗಿ ಆಗುತ್ತದೆ ಎಂದು ಸಂತೋಷಪಟ್ಟಿದ್ದೆ.

ಸೋಮವಾರ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಓಣಿಯಲ್ಲಿ ಏನೋ ಮಾತು ಎದ್ದಿದೆಯೆಂದು ಗೊತ್ತಾಯಿತು. ಹುಡುಗರನ್ನು ಕೇಳಿದೆ. ಕೊನೆಗೆ ನಾಯಿ ತಂಡದವನೊಬ್ಬ ಬಾಯಿಬಿಟ್ಟ. ನೀರಿನ ನಳದ ಹತ್ತಿರ ಯಾರೋ ಅವಳ ತಾಯಿಗೆ, “ಹೆಣದ ಮ್ಯಾಲ ಸೀರಿ ಮಾರೂದು ಕಲಸ್ತಾರಂತಲ್ಲಬೇ ನಿನ್ನ ಮಗಳ ಕಾಲೇಜಿನ್ಯಾಗ” ಅಂದರಂತೆ. ಅವಳಪ್ಪ ಅವಳ ಸಾಲಿ ಇವತ್ತಿಗೇ ಬಂದ್ ಅಂದರಂತೆ.

ಆ ಸಂಜೆ ನನ್ನ ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಸರ್ವೀಸಿಗೆ ಸೇರಿದ ಮೇಲೆ ಬೇಕೆಂದು ಬಸ್ಸು ಬಿಟ್ಟದ್ದು ಅದೇ ಮೊದಲು. ಹೇಳಬೇಕಾದದ್ದನ್ನು ದಾರಿಯಲ್ಲಿ ಜೋಡಿಸಿಕೊಂಡಿದ್ದೆ, ಮೆತ್ತಗಿನ ಮಾತಿನಲ್ಲಿ, ಒಳಗೆ ಕುಳಿತು, ಬಾಗಿಲು ಮುಂದಕ್ಕೆ ಎಳೆದುಕೊಂಡು.

ಓಣಿಯೊಳಗೆ ಕಾಲಿಟ್ಟ ಮೇಲೆ ನನ್ನ ಹೆಜ್ಜೆ ನನಗೇ ಕೇಳಿಸಲಿಲ್ಲ. ಎಡಕ್ಕೂ ಬಲಕ್ಕೂ ಮಗ್ಗ. ಅವರ ಮನೆಯ ಪಡಸಾಲೆಯೇ ಶೆಡ್ಡು. ಹುಡುಗಿಯ ಅಪ್ಪ ಒಂದು ಮಗ್ಗದ ಮುಂದೆ ನಿಂತು ತುಂಡಾದ ಎಳೆ ಕೂಡಿಸುತ್ತಿದ್ದರು. ನನ್ನನ್ನು ಕಂಡು ತಲೆ ಆಡಿಸಿದರು, ಕೆಲಸ ಬಿಡಲಿಲ್ಲ. ಒಳಗೆ ಬರ್ರಿ ಅನ್ನಲೂ ಇಲ್ಲ. ನಾನು ಹೊಸ್ತಿಲಲ್ಲಿ ನಿಂತೇ ಮಾತು ಶುರುಮಾಡಿದೆ.

ಆತ ಕಿವಿಗೆ ಕೈ ಹಚ್ಚಿದರು. “ಏನಂದ್ರಿ?”

“ಅವತ್ತು ನಡೆದದ್ದಕ್ಕೆ...”

“ಕೇಳವಲ್ತರಿ.”

ಇನ್ನೂ ಜೋರಾಗಿ ಹೇಳಿದೆ. ಆತ ಮತ್ತೆ ಕಿವಿ ಮುಂದೆ ಮಾಡಿದರು. ಬೇಕೆಂದೇ ಮಾಡುತ್ತಿದ್ದಾರೋ ಏನೋ ಇಂದಿಗೂ ಹೇಳಲಾರೆ. ಮೆತ್ತಗಿನ ಮಾತುಗಳೆಲ್ಲ ಹೋದವು. ಕೂಗಲು ಅನುಕೂಲವಾಗುವ ನಾಲ್ಕು ಮಾತು ಉಳಿದವು. ತರಗತಿಯಲ್ಲಿ ಎಂದೂ ದನಿ ಏರಿಸದ ನಾನು ಹೊಟ್ಟೆಯಿಂದ ಕೂಗಿದೆ.

“ತಪ್ಪು ನಿಮ್ಮ ಮಗಳದಲ್ಲ! ನಂದು! ನನಗ ಗೊತ್ತಿರಲಿಲ್ಲ!”

ಕೂಗು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಇಡೀ ಓಣಿ ಒಂದೇ ಸಲಕ್ಕೆ ನಿಂತಿತು. ನನ್ನ ದನಿಗೆ ನಿಲ್ಲಲು ಆಗಲಿಲ್ಲ. ‘ನನಗ ಗೊತ್ತಿರಲಿಲ್ಲ’ ಅನ್ನುವುದು ಓಣಿಯ ಆ ತುದಿಯವರೆಗೂ ಹೋಯಿತು. ಎದುರು ಮನೆಯ ಬಾಗಿಲಿಗೆ ಒಬ್ಬಳು ಬಂದಳು. ಪಕ್ಕದ ಶೆಡ್ಡಿನಿಂದ ಇಬ್ಬರು ಹೊರಗೆ ಬಂದರು. ಶನಿವಾರದ ಟೊಪ್ಪಿಗೆಗಳಲ್ಲಿ ಒಂದು ಕಟ್ಟೆಯ ಮೇಲಿತ್ತು. ಅವರೆಲ್ಲರೂ ನನ್ನನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡೆ.

“ಕೂಗಬ್ಯಾಡ್ರಿ ಮೇಡಂ” ಅಂದರು ಆತ. “ಕೇಳಿಸ್ತು. ಎಲ್ಲಾರಿಗೂ ಕೇಳಿಸ್ತು.”

ಮಣೆ ಹಾಕಿಸಿದರು. ಒಳಗಿನಿಂದ ತಾಯಿ ಚಹಾ ತಂದಿಟ್ಟು ಹೋದಳು. ಹುಡುಗಿ ಒಳಗಿನ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪಾದ ಮಾತ್ರ ಕಾಣುತ್ತಿತ್ತು.

“ಆಕಿಗೆ ಗೊತ್ತಿತ್ತಲ್ರಿ ಮೇಡಂ” ಅಂದರು ಅಪ್ಪ. “ನೀವು ಹೊರಗಿನವರು, ಬಿಡ್ರಿ. ಆಕಿ ಈ ಮನ್ಯಾಗ ಹುಟ್ಟ್ಯಾಳ. ನಮ್ಮವ್ವ ಸತ್ತಾಗ ಎಲ್ಲಾ ಓಣಿ ಮಗ್ಗ ನಿಲ್ಲಿಸಿತ್ತು. ಹಬ್ಬಕ್ಕ ನಾಕ ದಿನಾ ಇತ್ತು, ಸೀರಿ ಮುಗಸಬೇಕಾಗಿತ್ತು, ಆದ್ರೂ ನಿಲ್ಲಿಸಿದ್ರು. ಆಕಿ ಅದನ್ನ ನೋಡ್ಯಾಳ.”

ನಾನು ಚಹಾದ ಲೋಟ ಎತ್ತಿಕೊಂಡೆ.

ಕೈಗೆ ಹತ್ತಿದ ನೂಲಿನ ಎಳೆ ತೆಗೆಯುತ್ತ ಆತ ಮತ್ತೆ ಮಾತಾಡಿದರು. “ಸಾಲಿ ಬಿಡಸಬೇಕಂತ ಮಾಡಿದ್ನಿ. ಈಗ ನೀವು ಓಣಿ ಮುಂದ ನಿಂತು ತಪ್ಪು ನಂದು ಅಂದ್ರಿ. ನಾಳಿಂದ ಯಾರೂ ಆಕಿಗೆ ಅನ್ನಂಗಿಲ್ಲ. ಕಲೀಲಿ. ಧಾರವಾಡಕ್ಕರ ಹೋಗ್ಲಿ. ಆದ್ರ ನಿಮ್ಮ ಕಡೆ ಬ್ಯಾಡ್ರಿ. ಮುಂದಿನ ವರ್ಷ ಜಮಖಂಡ್ಯಾಗ ಹಚ್ಚತೀನಿ.”

ಬಯ್ದಿದ್ದರೆ ಅನುಕೂಲವಾಗುತ್ತಿತ್ತು. ಆತ ಬೀಡಿ ಹಚ್ಚುವ ಹಾಗೆ ಸಹಜವಾಗಿ ಹೇಳಿದರು. ನಾನು ಚಹಾ ಕುಡಿದು ಎದ್ದೆ. ಹೊರಗೆ ಬಂದಾಗ ಕರೆಂಟು ಬಂತು. ಮಗ್ಗಗಳು ಒಂದರ ಹಿಂದೆ ಒಂದು ಎದ್ದವು. ಆ ಸದ್ದಿನ ಮರೆಯಲ್ಲಿ ಓಣಿ ದಾಟಿದೆ.

ಆಟವನ್ನು ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆ ಸುದ್ದಿಯ ಚೀಟಿಯನ್ನಾದರೂ ಹರಿದು ಹಾಕಬೇಕೆಂದಿದ್ದೆ. ತರಗತಿಯಲ್ಲಿ ಅದನ್ನು ಹೇಳಿದಾಗ ಸತ್ತ ಯಜಮಾನನೇ ಬೇಡವೆಂದ.

“ಇರ್ಲಿ ಬಿಡ್ರಿ ಮೇಡಂ. ಸಾಯೂದು ಇರೂದ ಅಲ್ರಿ? ಆದ್ರ ಅದು ಬಂದ ತಿಂಗಳ ನೀವು ಗಂಟಿ ಹೊಡೀಬ್ಯಾಡ್ರಿ.”

ಹಾಗೆಯೇ ನಡೆಸಿದೆ. ಅದು ಬಂದ ಪೀರಿಯಡ್ಡಿನಲ್ಲಿ ಚೀಟಿ ಬರೆಯುವುದಿಲ್ಲ. ಉಳಿದ ಹೊತ್ತಿನಲ್ಲಿ ವಾರಸುದಾರರ ಹಕ್ಕಿನ ಪಾಠ. ಗಂಟೆ ಕೈಚೀಲದಲ್ಲಿಯೇ ಇರುತ್ತಿತ್ತು. ಹುಡುಗಿ ಆ ವರ್ಷ ಪರೀಕ್ಷೆ ಬರೆಯಲು ಮಾತ್ರ ಬಂದಳು. ನವಿಲು ತಂಡಕ್ಕೆ ಬೇರೊಬ್ಬ ಯಜಮಾನ ಬಂದ. ಅವನೂ ಚೆನ್ನಾಗಿಯೇ ಆಡಿದ.

ಮರುವರ್ಷ ಜೂನ್‌ನಲ್ಲಿ ನಾನು ಲೆಕ್ಕಹಾಕದ ಒಂದು ವಿಷಯ ನಡೆಯಿತು. ಬೆಳಿಗ್ಗೆ ಬನಹಟ್ಟಿಯಿಂದ ಜಮಖಂಡಿಗೆ ಬರುವ ಬಸ್ಸೇ ತಿರುಗಿ ಬನಹಟ್ಟಿಗೆ ಹೋಗುತ್ತದೆ. ಅದೇ ನನ್ನ ಬಸ್ಸು. ಅದರಿಂದ ಹುಡುಗಿ ಇಳಿಯುತ್ತಾಳೆ, ಅದಕ್ಕೆ ನಾನು ಹತ್ತುತ್ತೇನೆ. ನಮ್ಮ ಕಾಲೇಜು ಅವಳ ಮನೆಯ ಹಿಂದೆ ಇತ್ತು. ಅದನ್ನು ಬಿಟ್ಟು ಅವಳು ದಿನವೂ ಧೂಳು ತಿಂದು ನನ್ನ ಊರಿಗೆ ಬರುತ್ತಿದ್ದಳು. ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ಎದುರಾಗಿ, “ನಮಸ್ಕಾರ್ರಿ ಮೇಡಂ” ಅನ್ನುತ್ತಿದ್ದಳು. “ನಮಸ್ಕಾರ” ಅನ್ನುತ್ತಿದ್ದೆ. ಕಂಡಕ್ಟರ್ ಸೀಟಿ ಊದುತ್ತಿದ್ದ. ಅಷ್ಟೇ ನಮ್ಮ ಮಾತು.

ಅವಳು ಸಿಟ್ಟು ಮಾಡಿದ್ದರೆ, ಮುಖ ತಿರುಗಿಸಿದ್ದರೆ ಅಭ್ಯಾಸವಾಗುತ್ತಿತ್ತು. ಆ ನಮಸ್ಕಾರಕ್ಕೆ ನನಗೆ ಅಭ್ಯಾಸವಾಗಲಿಲ್ಲ. ದೀಪಾವಳಿಯ ಮೇಲೆ ನಾನು ಅದಕ್ಕಿಂತ ಮುಂಚಿನ ಬಸ್ಸು ಹಿಡಿಯಲು ಶುರುಮಾಡಿದೆ. ಮನೆಯವರಿಗೆ ಕಾಲೇಜಿನಲ್ಲಿ ಹೆಚ್ಚಿನ ಕೆಲಸ ಇದೆಯೆಂದೆ. ಬನಹಟ್ಟಿಗೆ ಹೋಗಿ, ಜವಾನ ಬೀಗ ತೆಗೆಯುವವರೆಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಒಬ್ಬ ಹುಡುಗಿಯ ನಮಸ್ಕಾರಕ್ಕೆ ಹೆದರಿ ವೇಳಾಪಟ್ಟಿ ಬದಲಿಸಿದ ನನ್ನನ್ನು ಹಾಸ್ಟೆಲಿನವರು ನೋಡಿದ್ದರೆ ಪಲ್ಯವಿರಲಿ, ರೊಟ್ಟಿಯನ್ನೂ ಕೊಡುತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಹೆದರಿ ಓಡಿದ ನಾಚಿಕೆ ಅವಳೆದುರು ನಿಲ್ಲುವ ನಾಚಿಕೆಗಿಂತ ದೊಡ್ಡದಾಯಿತು. ಮತ್ತೆ ಹಳೆಯ ಬಸ್ಸಿಗೆ ನಿಂತೆ.

ಅವಳು ಇಳಿದು ನನ್ನನ್ನು ಕಂಡು ನಿಂತಳು. ಆ ದಿನ ಬಸ್ಸಿನ ಡ್ರೈವರ್ ಚಹಾಕ್ಕೆ ಹೋಗಿದ್ದ, ಹೊತ್ತು ಇತ್ತು. ಅವಳೇ ಮಾತು ತೆಗೆದಳು, ಪುಸ್ತಕಗಳನ್ನು ಎದೆಗೆ ಅವಚಿಕೊಂಡು.

“ಮೇಡಂ, ಒಂದ್ ಹೇಳಬೇಕಾಗಿತ್ರಿ. ಅವತ್ತ ನಾನೂ ಮೊದಲ ಸೊನ್ನೀನ ಅಂದಿದ್ನಿ. ನಮ್ಮ ತಂಡದವ್ರೂ ಅದನ್ನ ಅಂದ್ರು. ಆದ್ರ ಸೊನ್ನಿ ಕೊಟ್ರ ನಿಮಗ ಸೇರಂಗಿಲ್ಲ, ಅಪ್ಪನ ಮುಂದ ಬೈತೀರಿ ಅಂತ ಅಂಜಿ ಬ್ಯಾರೆ ಬರದ್ನಿರಿ. ಅವರು ಬ್ಯಾಡ ಅಂದ್ರೂ ಕೇಳಲಿಲ್ಲ.”

ಬಸ್‌ಸ್ಟ್ಯಾಂಡಿನಲ್ಲಿ ಮುಧೋಳದ ಬಸ್ಸು ಬಂದು ನಿಂತಿತು. ಜನ ಅದರ ಕಡೆ ಓಡಿದರು. ಅವಳು ಹೇಳಿದ್ದು ಸರಿಯಾಗಿತ್ತು. ಸೊನ್ನೆ ಕೊಟ್ಟಿದ್ದರೆ ಬೈಯುತ್ತಿದ್ದೆ. ಉಳಿದ ಮೂರಕ್ಕೆ ಬೈಯಲು ಬಾಯಿ ತೆರೆದಾಗಲೇ ಅವಳ ಚೀಟಿ ಬಿಚ್ಚಿದ್ದು.

“ನೀನು ಅಪ್ಪನಿಗೆ ಇದನ್ನು ಹೇಳಿದೆಯಾ?” ಕೇಳಿದೆ.

“ಇಲ್ರಿ. ಹೇಳಿದ್ರ ನಿಮ್ಮ ಮ್ಯಾಲ ಸಿಟ್ಟಾಕ್ಕಿದ್ರು.” ಆಮೇಲೆ ನನ್ನ ಮುಖ ನೋಡಿ, “ಒಂದ್ ತಿಂಗಳ ಕಾಣಲಿಲ್ಲಲ್ರಿ ಮೇಡಂ. ಆರಾಮ ಇರಲಿಲ್ಲೇನ್ರಿ?”

“ಹೌದು. ಆರಾಮ ಇರಲಿಲ್ಲ” ಅಂದೆ.

“ಏನಾಗಿತ್ರಿ?”

“ಹೊಟ್ಟೆ.”

“ಓಂಕಾಳು ಕುದಿಸಿ ಕುಡೀರಿ. ರಾತ್ರಿ ಊಟಾದ ಮ್ಯಾಲ. ನಮ್ಮವ್ವ ಹಂಗ ಮಾಡತಾಳ.”

ಡ್ರೈವರ್ ಬಂದ. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಬಸ್ಸು ಹಿಂದಕ್ಕೆ ತೆಗೆಯುವಾಗ ಅವಳು ಇನ್ನೂ ಅಲ್ಲೇ ನಿಂತು, ಮರೆಯಬಾರದೆಂದು ಕೈಯಿಂದ ಲೋಟ ಎತ್ತಿ ಕುಡಿಯುವಂತೆ ತೋರಿಸಿದಳು. ಆ ವರ್ಷ ಒಳ್ಳೆಯ ಅಂಕದಲ್ಲಿ ಪಾಸಾಗಿ ಅವಳು ಧಾರವಾಡಕ್ಕೆ ಹೋದಳು.

ಅವಳು ಲೋಟ ಎತ್ತಿ ತೋರಿಸಿದ ದಿನ ರಾತ್ರಿ ಊಟವಾದ ಮೇಲೆ ಓಂಕಾಳು ಕುದಿಸಿ ಕುಡಿದೆ. ಹೊಟ್ಟೆಗೆ ಏನೂ ಆಗಿರಲಿಲ್ಲ. ಅವಳು ಹೇಳಿದ್ದಾಳೆಂದ ಮೇಲೆ ಕುಡಿಯದೇ ಮಲಗಲು ಮನಸ್ಸಾಗಲಿಲ್ಲ.